ಹೂರಣ ಜಾಸ್ತಿ, ಕಣಕ ಕಮ್ಮಿ: ನಮ್ಮ ಎ4 ಹಾಳೆಗೆ ನ್ಯಾನೋ ಯಾಕೆ ಬೇಕು?

ಜೆರಾಕ್ಸ್ ಅಂಗಡಿಯಿಂದ ಒಂದು ಎ4 ಹಾಳೆ ತಗೊಂಡು ಬನ್ನಿ. ಅದನ್ನ ನಾವೆಲ್ಲ ‘ಮರದಿಂದ ಮಾಡಿದ್ದು’ ಅಂತೀವಿ. ಅದು ಪೂರ್ತಿ ನಿಜ ಅಲ್ಲ. ಸಾಮಾನ್ಯ ಪ್ರಿಂಟಿಂಗ್ ಕಾಗದದ ತೂಕದಲ್ಲಿ ಶೇ. 15ರಿಂದ 25ರಷ್ಟು ಕಲ್ಲಿನ ಪುಡಿ ಇರುತ್ತದೆ. ಹೌದು, ಕಲ್ಲಿನ ಪುಡಿನೇ. ಅನುಮಾನ ಇದ್ರೆ ಮುಂದಿನ ಸಲ ಕೆಮಿಸ್ಟ್ರಿ ಲ್ಯಾಬಿಗೆ ಹೋದಾಗ ಹಾಳೆಯ ಮೇಲೆ ಡೈಲ್ಯೂಟ್ ಹೈಡ್ರೋಕ್ಲೋರಿಕ್ ಆಸಿಡ್ ಒಂದು ಹನಿ ಬಿಟ್ಟು ನೋಡಿ. ಸಣ್ಣ ಸಣ್ಣ ಗುಳ್ಳೆ ಬಂದ್ರೆ ಒಳಗಿರೋದು ಕ್ಯಾಲ್ಸಿಯಂ ಕಾರ್ಬೊನೇಟ್. ಅಂದ್ರೆ ಸುಣ್ಣದ ಕಲ್ಲು. ಗುಳ್ಳೆ ಬರಲಿಲ್ಲ ಅಂದ ಮಾತ್ರಕ್ಕೆ ಕಲ್ಲು ಇಲ್ಲ ಅಂತಲ್ಲ, ಬೇರೆ ಜಾತಿಯ ಪುಡಿ ಇರಬಹುದು.

‘ನ್ಯಾನೋ’ ಅನ್ನೋ ಪದ ನಮ್ಮ ಕ್ಯಾಂಪಸ್ಸಿನಲ್ಲಿ ಪೋಸ್ಟರ್ ಮೇಲೆ ಚೆನ್ನಾಗಿ ಓಡತ್ತೆ. ಟೆಕ್ನಿಕಲ್ ಸೆಮಿನಾರ್ ಅಂದ್ರೆ ಗ್ರಾಫೀನ್ ಇರಲೇಬೇಕು, ಕಾರ್ಬನ್ ನ್ಯಾನೋಟ್ಯೂಬ್ ಇರಲೇಬೇಕು. ಬಾಗುವ ಸ್ಕ್ರೀನು, ಕ್ಯಾನ್ಸರ್ ಹುಡುಕುವ ಸೆನ್ಸರ್ ಇವೆಲ್ಲ ಬರುತ್ತವೆ. ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ನಮ್ಮಂಥ ದೇಶಕ್ಕೆ ನ್ಯಾನೋ ವಸ್ತು ನಿಜವಾಗಿ ಉಪಯೋಗಕ್ಕೆ ಬರಬಹುದಾದ ಜಾಗಗಳಲ್ಲಿ ಒಂದು, ಒಂದು ರೂಪಾಯಿ ಬೆಲೆಯೂ ಬಾಳದ ಈ ಹಾಳೆ. ಆದರೆ ಅದಕ್ಕೊಂದು ಷರತ್ತಿದೆ. ಲೆಕ್ಕ ಪೂರ್ತಿ ಕೊಡಬೇಕು. ಮರ ಎಷ್ಟು ಉಳೀತು ಅಂತ ಮಾತ್ರ ಹೇಳಿ, ಕರೆಂಟ್ ಎಷ್ಟು ಹೋಯ್ತು, ರೀಸೈಕಲ್ ಮಾಡೋನಿಗೆ ಏನಾಯ್ತು ಅನ್ನೋದನ್ನ ಮುಚ್ಚಿಡಬಾರದು.

ಇದು ಕಲಬೆರಕೆ ಅಲ್ಲ

‘ಕಾಗದಕ್ಕೆ ಕಲ್ಲಿನ ಪುಡಿ ಹಾಕ್ತಾರೆ’ ಅಂದ ತಕ್ಷಣ ನಮಗೆ ಹಾಲಿಗೆ ನೀರು, ಖಾರದ ಪುಡಿಗೆ ಇಟ್ಟಿಗೆ ಪುಡಿ ನೆನಪಾಗತ್ತೆ. ಹಾಗಲ್ಲ. ಈ ಪುಡಿಗೆ ಫಿಲ್ಲರ್ ಅಂತಾರೆ. ನಾರಿಗಿಂತ ಅಗ್ಗ ಅನ್ನೋದು ನಿಜ, ಕಾರ್ಖಾನೆಯವರು ಇಷ್ಟಪಡೋಕೆ ಅದೇ ಮೊದಲ ಕಾರಣ. ಆದರೆ ಅದಕ್ಕೆ ಬೇರೆ ಕೆಲಸಾನೂ ಇದೆ.

ಕಾಗದ ಅಂದ್ರೆ ಮರದ ನಾರುಗಳು ಒಂದರ ಮೇಲೊಂದು ಬಿದ್ದಿರೋ ಬಲೆ. ಒಂದು ನಾರು ಸುಮಾರು 1ರಿಂದ 3 ಮಿಲಿಮೀಟರ್ ಉದ್ದ, 20-30 ಮೈಕ್ರೋಮೀಟರ್ ಅಗಲ. ಬಲೆ ಅಂದ ಮೇಲೆ ತೂತು ಇದ್ದೇ ಇರತ್ತೆ. ಬರೀ ನಾರಿಂದ ಮಾಡಿದ ತೆಳು ಹಾಳೆಯಲ್ಲಿ ಈ ಕಡೆ ಬರೆದದ್ದು ಆ ಕಡೆ ಕಾಣತ್ತೆ. ಇಂಟರ್ನಲ್ಸ್‌ನಲ್ಲಿ ಬ್ಲೂ ಬುಕ್ಕಿನ ಎರಡೂ ಬದಿ ಜೆಲ್ ಪೆನ್ನಲ್ಲಿ ಬರೆದವರಿಗೆ ಈ ಕಷ್ಟ ಬಿಡಿಸಿ ಹೇಳಬೇಕಾಗಿಲ್ಲ. ಒಂದೆರಡು ಮೈಕ್ರೋಮೀಟರ್ ಗಾತ್ರದ ಬಿಳಿ ಕಣಗಳನ್ನ ಆ ಬಲೆಯೊಳಗೆ ತುಂಬಿದರೆ ಬೆಳಕು ನೇರ ಹಾಯದೆ ಚದುರುತ್ತದೆ. ಹಿಂದಿನ ಪುಟದ ಅಕ್ಷರ ಮರೆಯಾಗತ್ತೆ. ಹಾಳೆ ಬೆಳ್ಳಗಾಗತ್ತೆ, ಮೇಲ್ಮೈ ನುಣುಪಾಗತ್ತೆ, ಇಂಕು ಕಂಡ ಕಡೆಯೆಲ್ಲ ಹರಡೋದಿಲ್ಲ.

ಫಿಲ್ಲರ್ ಆಗಿ ಮುಖ್ಯವಾಗಿ ಮೂರು ಖನಿಜ ಬಳಸ್ತಾರೆ. ಒಂದು ಕ್ಯಾಲ್ಸಿಯಂ ಕಾರ್ಬೊನೇಟ್. ಇನ್ನೊಂದು ಕೆಯೊಲಿನ್, ಅಂದ್ರೆ ಪಿಂಗಾಣಿ ಮಾಡೋ ಬಿಳಿ ಜೇಡಿಮಣ್ಣು. ಮೂರನೆಯದು ಟಾಲ್ಕ್. ಟಾಲ್ಕ್ ನಮಗೆ ಪೌಡರ್ ಡಬ್ಬಿಯಿಂದ ಗೊತ್ತು, ಆದರೆ ಬಳಪದ ಕಲ್ಲಿನ ಮುಖ್ಯ ಖನಿಜವೂ ಅದೇ. ಅಜ್ಜನ ಕಾಲದಲ್ಲಿ ಸ್ಲೇಟಿನ ಮೇಲೆ ಬರೆಯೋಕೆ ಬಳಸ್ತಿದ್ದ ಬಳಪ ಈಗ ಹಾಳೆಯ ಒಳಗೇ ಸೇರಿಕೊಂಡಿದೆ ಅಂತ ಬೇಕಾದ್ರೆ ಅಂದ್ಕೊಳ್ಳಿ.

ಮೂರರಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟ್ ಕಥೆ ಸ್ವಲ್ಪ ವಿಶೇಷ. 1807ರಲ್ಲಿ ಜರ್ಮನಿಯ ಮೊರಿಟ್ಜ್ ಫ್ರೆಡ್ರಿಕ್ ಇಲ್ಲಿಗ್ ಎಂಬಾತ, ಇಂಕು ಹರಡದ ಹಾಗೆ ಕಾಗದಕ್ಕೆ ರಾಳ ಮತ್ತು ಪಟಿಕ ಹಾಕೋ ವಿಧಾನ ಪ್ರಕಟಿಸಿದ. ಪಟಿಕ ಆಮ್ಲೀಯ. ಆಮ್ಲ ಇರೋ ಕಡೆ ಸುಣ್ಣದ ಕಲ್ಲಿನ ಪುಡಿ ಹಾಕಿದ್ರೆ ಕರಗಿ ಗುಳ್ಳೆ ಬರತ್ತೆ, ನೊರೆ ಬರತ್ತೆ. ಹಾಗಾಗಿ ಹೆಚ್ಚು ಕಡಿಮೆ ನೂರೈವತ್ತು ವರ್ಷ ಅಂಥ ಕಾಗದಕ್ಕೆ ಅದನ್ನ ಬಳಸೋ ಹಾಗಿರಲಿಲ್ಲ. ಅದೇ ಆಮ್ಲ ಕಾಗದದ ಸೆಲ್ಯುಲೋಸನ್ನೂ ನಿಧಾನಕ್ಕೆ ಕತ್ತರಿಸತ್ತೆ. ಲೈಬ್ರರಿಯ ಹಳೇ ಪುಸ್ತಕ ಹಳದಿಯಾಗಿ, ಮುಟ್ಟಿದರೆ ಹಪ್ಪಳದ ಹಾಗೆ ಮುರಿಯೋದಕ್ಕೆ ಇದೂ ಒಂದು ದೊಡ್ಡ ಕಾರಣ. 20ನೇ ಶತಮಾನದ ಎರಡನೇ ಅರ್ಧದಲ್ಲಿ ಆಮ್ಲ ಬೇಡದ ಹೊಸ ಕೆಮಿಕಲ್‌ಗಳು ಬಂದವು. ಆಮೇಲೇ ಕ್ಯಾಲ್ಸಿಯಂ ಕಾರ್ಬೊನೇಟ್ ಕಾಗದದೊಳಗೆ ಧಾರಾಳವಾಗಿ ಬಂತು. ಅದು ಸ್ವತಃ ಕ್ಷಾರೀಯ. ಕಾಲಕ್ರಮೇಣ ಹುಟ್ಟೋ ಆಮ್ಲವನ್ನ ಹೀರಿಕೊಂಡು ಕಾಗದದ ಆಯಸ್ಸು ಹೆಚ್ಚಿಸತ್ತೆ. ನಿಮ್ಮ ಪುಸ್ತಕವನ್ನ ಮೊಮ್ಮಕ್ಕಳೂ ಓದೋ ಹಾಗೆ ಕಾಯೋ ವಸ್ತುವನ್ನ ಕಲಬೆರಕೆ ಅನ್ನೋದು ಹೇಗೆ?

ಹೋಳಿಗೆಯ ಲೆಕ್ಕ

ಹಾಗಾದ್ರೆ ಶೇ. 50 ಕಲ್ಲಿನ ಪುಡಿ ಹಾಕಿ, ಮರ ಉಳಿಸಿ ಅಂತ ಯಾರಾದ್ರೂ ಕೇಳಬಹುದು. ಹಾಕೋಕೆ ಆಗಲ್ಲ. ಹಾಳೆ ಹರಿಯತ್ತೆ.

ಕಾಗದಕ್ಕೆ ಗೋಂದು ಹಾಕಿ ನಾರುಗಳನ್ನ ಅಂಟಿಸಿರ್ತಾರೆ ಅಂತ ತುಂಬಾ ಜನ ತಿಳ್ಕೊಂಡಿದಾರೆ. ಬಟ್ಟೆಗೆ ಗಂಜಿ ಹಾಕಿದ ಹಾಗೆ ಸ್ಟಾರ್ಚ್ ಹಾಕ್ತಾರೆ ನಿಜ. ಆದರೆ ಮೂಲ ಬಲ ಬರೋದು ಒದ್ದೆ ನಾರುಗಳು ಒಣಗುವಾಗ ಒಂದಕ್ಕೊಂದು ತಾಗಿದ ಕಡೆ ಆಗೋ ಹೈಡ್ರೋಜನ್ ಬಾಂಡುಗಳಿಂದ. ಕೋಟಿಗಟ್ಟಲೆ ಸಣ್ಣ ಹಿಡಿತಗಳು. ನಾರಿಗೂ ನಾರಿಗೂ ನಡುವೆ ಒಂದು ಕಲ್ಲಿನ ಕಣ ಕೂತರೆ ಆ ಜಾಗದ ಹಿಡಿತ ಹೋಯ್ತು. ಕಣಕ್ಕೆ ಯಾವ ನಾರಿನ ಜೊತೆಗೂ ಸಂಬಂಧ ಇಲ್ಲ, ಸುಮ್ನೆ ಮಧ್ಯ ಕೂತಿರತ್ತೆ. ಫಿಲ್ಲರ್ ಹೆಚ್ಚಿದಷ್ಟೂ ಹಾಳೆ ದುರ್ಬಲ. ಪ್ರಿಂಟರ್‌ನಲ್ಲಿ ಪುಡಿ ಉದುರತ್ತೆ. ಕಾರ್ಖಾನೆಯಲ್ಲಿ ನಿಮಿಷಕ್ಕೆ ನೂರಾರು ಮೀಟರ್ ವೇಗದಲ್ಲಿ ಓಡೋ ಒದ್ದೆ ಹಾಳೆ ಮಧ್ಯದಲ್ಲೇ ಹರಿದರೆ ಇಡೀ ಮೆಷಿನ್ ನಿಲ್ಲಿಸಬೇಕು.

ಹಬ್ಬದ ದಿನ ಅಡುಗೆಮನೆಯಲ್ಲಿ ನಿಂತು ಹೋಳಿಗೆ ಮಾಡೋದನ್ನ ನೋಡಿದವರಿಗೆ ಈ ಸಮಸ್ಯೆ ಬೇಗ ಅರ್ಥ ಆಗತ್ತೆ. ಕಣಕ ಅಂದ್ರೆ ನಾರು, ಹೂರಣ ಅಂದ್ರೆ ಫಿಲ್ಲರ್. (ಹೋಳಿಗೆಯಲ್ಲಿ ಹೂರಣ ದುಬಾರಿ, ಕಾಗದದಲ್ಲಿ ಹೂರಣವೇ ಅಗ್ಗ. ಅಷ್ಟು ವ್ಯತ್ಯಾಸ ಹೊಟ್ಟೆಗೆ ಹಾಕ್ಕೊಳ್ಳಿ.) ಹೊಸಬರು ಆಸೆಯಿಂದ ಹೂರಣ ಜಾಸ್ತಿ ತುಂಬಿದ್ರೆ ಲಟ್ಟಿಸುವಾಗ ಒಡೆದು ಹೊರಗೆ ಬರತ್ತೆ. ಕೈ ಪಳಗಿದ ಅಜ್ಜಿ ಅದೇ ಅಳತೆ ಕಣಕದಲ್ಲಿ ಎರಡರಷ್ಟು ಹೂರಣ ತುಂಬ್ತಾರೆ, ಹೋಳಿಗೆ ಹರಿಯಲ್ಲ. ಅವರು ಮಾಡೋದು ಏನು? ಕಣಕವನ್ನ ನಾದಿ ನಾದಿ, ಎಣ್ಣೆಯಲ್ಲಿ ನೆನೆಸಿ, ಎಳೆದರೆ ರಬ್ಬರಿನ ಹಾಗೆ ಬರೋ ತನಕ ಬಿಡಲ್ಲ. ಬದಲಾಗಿದ್ದು ಕಣಕದ ಪ್ರಮಾಣ ಅಲ್ಲ, ಅದರ ಗುಣ.

ಕಾಗದದಲ್ಲಿ ನ್ಯಾನೋಸೆಲ್ಯುಲೋಸ್ ಮಾಡಬೇಕಾದ ಕೆಲಸ ಇದೇ.

ನಾದಿದ ನಾರು

ಮರದ ಒಂದು ನಾರು ಬಿಡಿಸಿದರೆ ಒಳಗೆ ಹಗ್ಗದ ಎಳೆಗಳ ಹಾಗೆ ಸಣ್ಣ ಸಣ್ಣ ತಂತುಗಳಿವೆ. ಆ ಎಳೆಗಳನ್ನೂ ಬಿಡಿಸುತ್ತಾ ಹೋದರೆ ಹತ್ತಾರು ನ್ಯಾನೋಮೀಟರ್ ಅಗಲದ, ಕೆಲವು ಮೈಕ್ರೋಮೀಟರ್ ಉದ್ದದ ತಂತುಗಳು ಸಿಗ್ತವೆ. ಇದಕ್ಕೆ ಮೈಕ್ರೋಫೈಬ್ರಿಲೇಟೆಡ್ ಸೆಲ್ಯುಲೋಸ್, ಚಿಕ್ಕದಾಗಿ ಎಂಎಫ್‌ಸಿ ಅಂತ ಹೆಸರು. ನೋಡೋಕೆ ಹೊಳೆಯೋ ಲೋಹವೂ ಅಲ್ಲ, ಮಾಂತ್ರಿಕ ಪುಡಿಯೂ ಅಲ್ಲ. ತಣ್ಣಗಾದ ಗಂಜಿಯ ಹಾಗೆ ಇರೋ ಬಿಳಿ ಲೋಳೆ ಅಷ್ಟೇ.

ಒಂದು ಸಣ್ಣ ಲೆಕ್ಕ ಮಾಡೋಣ. ನಾರನ್ನ 25 ಮೈಕ್ರೋಮೀಟರ್ ದಪ್ಪದ ಗಟ್ಟಿ ಸಿಲಿಂಡರ್ ಅಂದ್ಕೊಳ್ಳಿ. ಅದನ್ನ 50 ನ್ಯಾನೋಮೀಟರ್ ದಪ್ಪದ ತಂತುಗಳಾಗಿ ಬಿಡಿಸಿದರೆ ವ್ಯಾಸ 500 ಪಟ್ಟು ಕಮ್ಮಿ ಆಯ್ತು. ವಾಲ್ಯೂಮ್ ಅಷ್ಟೇ ಇದೆ, ಆದರೆ ಮೇಲ್ಮೈ 500 ಪಟ್ಟು ಜಾಸ್ತಿ. ಹೈಡ್ರೋಜನ್ ಬಾಂಡ್ ಆಗೋದು ಮೇಲ್ಮೈಯಲ್ಲಿ. ಅಂದ್ರೆ ಅಷ್ಟೇ ಸೆಲ್ಯುಲೋಸ್, ಆದರೆ ಕೈ ಚಾಚಿ ಹಿಡ್ಕೊಳ್ಳೋಕೆ 500 ಪಟ್ಟು ಜಾಗ. ಜೊತೆಗೆ ಈ ತಂತು ಫಿಲ್ಲರ್ ಕಣಕ್ಕಿಂತ ತುಂಬಾ ತೆಳು. ಕಲ್ಲಿನ ಕಣದ ಸುತ್ತ ಬಳಸಿಕೊಂಡು ಹೋಗಿ ಆ ಕಡೆಯ ನಾರನ್ನ ಹಿಡಿಯಬಲ್ಲದು. ಕಣ ಅಲ್ಲೇ ಇರತ್ತೆ, ಆದರೆ ಮುರಿದುಹೋಗಿದ್ದ ಸಂಬಂಧ ಬೇರೆ ದಾರಿಯಲ್ಲಿ ಮತ್ತೆ ಕೂಡಿಕೊಳ್ಳತ್ತೆ.

ಇದು ಹೊಸದೇನಲ್ಲ. ಅಮೆರಿಕದ ಐಟಿಟಿ ರೇಯೋನಿಯರ್ ಕಂಪನಿಯಲ್ಲಿ ಆಲ್ಬಿನ್ ಟರ್ಬಾಕ್ ಮತ್ತು ಜೊತೆಗಾರರು 1970ರ ದಶಕದ ಕೊನೆಯಲ್ಲೇ ಇದನ್ನ ಮಾಡಿದ್ದರು. 1983ರಲ್ಲಿ ಅದರ ಪ್ರಬಂಧಗಳು ಬಂದವು. ಹಾಗಿದ್ರೂ ಮೂವತ್ತು ವರ್ಷ ಅದು ಶೆಲ್ಫ್ ಮೇಲೇ ಕೂತಿತ್ತು. ಕಾರಣ ಕರೆಂಟ್. ಪಲ್ಪನ್ನ ಅತಿ ಒತ್ತಡದ ಹೋಮೊಜಿನೈಸರ್‌ನಲ್ಲಿ ಮತ್ತೆ ಮತ್ತೆ ಹಾಯಿಸಿ ಒಂದು ಟನ್ ತಂತು ಮಾಡೋಕೆ 25,000 ಯೂನಿಟ್ಟಿಗಿಂತ ಹೆಚ್ಚು ವಿದ್ಯುತ್ ಬೇಕಾಗ್ತಿತ್ತು.

ಆಮೇಲಿನ ಕೆಲಸ ಎಲ್ಲ ಆ ಒಂದು ನಂಬರನ್ನ ಇಳಿಸೋದೇ. ಎನ್‌ಜೈಮ್ ಹಾಕಿ ನಾರನ್ನ ಮೊದಲೇ ಮೆತ್ತಗೆ ಮಾಡೋದು ಒಂದು ದಾರಿ. ಟೋಕಿಯೋ ವಿಶ್ವವಿದ್ಯಾಲಯದಲ್ಲಿ ಅಕಿರಾ ಇಸೊಗಾಯ್, ತ್ಸುಗುಯುಕಿ ಸೈಟೊ ಮೊದಲಾದವರು ಟೆಂಪೊ ಎಂಬ ಕ್ಯಾಟಲಿಸ್ಟ್ ಬಳಸಿ ತಂತುಗಳ ಮೇಲೆ ಋಣ ಚಾರ್ಜ್ ಬರೋ ಹಾಗೆ ಮಾಡಿದರು. ಒಂದೇ ಚಾರ್ಜ್ ಇದ್ದವು ಒಂದನ್ನೊಂದು ತಳ್ಳುತ್ತವೆ, ಹಾಗಾಗಿ ಸುಲಭವಾಗಿ ಬಿಡಿಬಿಡಿಯಾಗ್ತವೆ. ಈ ಕೆಲಸಕ್ಕೆ 2015ರಲ್ಲಿ ಮಾರ್ಕಸ್ ವಾಲನ್‌ಬರ್ಗ್ ಪ್ರಶಸ್ತಿ ಬಂತು. ಕಾಗದ ಮತ್ತು ಅರಣ್ಯ ಕ್ಷೇತ್ರದಲ್ಲಿ ಅದು ದೊಡ್ಡ ಪ್ರಶಸ್ತಿ. 2011ರಲ್ಲಿ ಸ್ವೀಡನ್ನಿನ ಇನ್ವೆಂಟಿಯಾ ಸಂಸ್ಥೆ ಸ್ಟಾಕ್‌ಹೋಮ್‌ನಲ್ಲಿ ದಿನಕ್ಕೆ 100 ಕೆಜಿ ಮಾಡೋ ಪೈಲಟ್ ಪ್ಲಾಂಟ್ ಶುರು ಮಾಡಿತು. ಇಂಥ ಪೂರ್ವಸಿದ್ಧತೆಗಳಿಂದ ಟನ್ನಿಗೆ ಸಾವಿರ-ಎರಡು ಸಾವಿರ ಯೂನಿಟ್ ಮಟ್ಟಕ್ಕೆ ಇಳಿಸಬಹುದು ಅಂತ ತೋರಿಸಿದಾರೆ.

ಕಲ್ಲು, ನಾರು ಒಟ್ಟಿಗೆ ಅರೆದರೆ

ಇಷ್ಟೆಲ್ಲದರಲ್ಲಿ ನನಗೆ ಅತಿ ಇಷ್ಟವಾದ ಉಪಾಯ ಇಂಗ್ಲೆಂಡಿನ ಕಾರ್ನ್‌ವಾಲ್ ಕಡೆಯದು. ಅದು ಬಿಳಿ ಜೇಡಿಮಣ್ಣಿನ ಗಣಿಗಳ ಊರು. ಖನಿಜ ಅರೆಯೋ ಮೆಷಿನ್ ಅವರ ಹತ್ರ ಮೊದಲೇ ಇತ್ತು. ಅಲ್ಲಿ ಬೆಳೆದ ಫೈಬರ್‌ಲೀನ್ ಎಂಬ ವಿಧಾನದಲ್ಲಿ ಪಲ್ಪನ್ನ ಬೇರೆ, ಕಲ್ಲಿನ ಪುಡಿಯನ್ನ ಬೇರೆ ತಯಾರು ಮಾಡೋದಿಲ್ಲ. ಎರಡನ್ನೂ ನೀರಿನ ಜೊತೆ ಒಂದೇ ಗ್ರೈಂಡರ್‌ಗೆ ಹಾಕಿ ಅರೀತಾರೆ. ಒಳಗಿರೋ ಖನಿಜದ ಕಣಗಳೂ ನಾರನ್ನ ಸೀಳೋಕೆ ಸಹಾಯ ಮಾಡ್ತವೆ. ಎನ್‌ಜೈಮ್ ಬೇಡ, ವಿಶೇಷ ಕೆಮಿಕಲ್ ಬೇಡ. ಖನಿಜದ ವ್ಯಾಪಾರದಲ್ಲಿರೋ ಇಮೆರಿಸ್ ಮತ್ತು ಓಮ್ಯಾ ಎಂಬ ಎರಡು ಕಂಪನಿಗಳು 2016ರಲ್ಲಿ ಸೇರಿ ಇದಕ್ಕಾಗೇ ಒಂದು ಜಂಟಿ ಕಂಪನಿ ಮಾಡಿದವು.

ಇದರಲ್ಲಿ ಇನ್ನೊಂದು ಜಾಣತನ ಇದೆ. ಎಂಎಫ್‌ಸಿ ಲೋಳೆಯಲ್ಲಿ ಘನಪದಾರ್ಥ ಇರೋದು ಸಾಮಾನ್ಯವಾಗಿ ನೂರಕ್ಕೆ ಎರಡು-ಮೂರು ಭಾಗ, ಉಳಿದಿದ್ದು ನೀರು. ಲಾರಿಯಲ್ಲಿ ತುಂಬಿ ಕಳಿಸಿದ್ರೆ ಲಾರಿ ಬಾಡಿಗೆ ಕೊಟ್ಟು ನೀರು ಸಾಗಿಸಿದ ಹಾಗೆ. ಒಣಗಿಸಿ ಕಳಿಸೋಣ ಅಂದ್ರೆ ತಂತುಗಳು ಒಂದಕ್ಕೊಂದು ಅಂಟಿ ಕೂತು ಮತ್ತೆ ನೀರಲ್ಲಿ ಬಿಡಿಯಾಗೋದಿಲ್ಲ. ಅದಕ್ಕೇ ಕಾಗದ ಕಾರ್ಖಾನೆಯ ಆವರಣದಲ್ಲೇ ಗ್ರೈಂಡರ್ ಇಟ್ಟು, ಅಲ್ಲಿನದೇ ಪಲ್ಪ್ ತಗೊಂಡು, ಅರೆದು, ಪೈಪಿನಲ್ಲಿ ಮೆಷಿನ್‌ಗೆ ಕೊಡ್ತಾರೆ. ಹಿಟ್ಟು ಪಾರ್ಸೆಲ್ ತರಿಸೋ ಬದಲು ಮನೆಯಲ್ಲೇ ರುಬ್ಬೋ ಕಲ್ಲು ಇಟ್ಟ ಹಾಗೆ.

ಈಗ ರೀಮ್ ಲೆಕ್ಕಕ್ಕೆ ಬರೋಣ. 75 ಜಿಎಸ್‌ಎಂ ಎ4 ಹಾಳೆ 500 ಸೇರಿದರೆ ಸುಮಾರು 31 ಚದರ ಮೀಟರ್, ತೂಕ 2.34 ಕೆಜಿ. ಇದರಲ್ಲಿ ಶೇ. 15 ಫಿಲ್ಲರ್ ಇದ್ರೆ ಸುಮಾರು 350 ಗ್ರಾಂ ಕಲ್ಲು. ಶೇ. 25ಕ್ಕೆ ಏರಿಸಿದ್ರೆ 585 ಗ್ರಾಂ. ಅಂದ್ರೆ ಒಂದು ರೀಮಿಗೆ ಸುಮಾರು 235 ಗ್ರಾಂ ನಾರು ಉಳೀತು. ಬಿಳಿ ಪಲ್ಪ್ ಮಾಡುವಾಗ ಒಣ ಮರದ ತೂಕದಲ್ಲಿ ಅರ್ಧಕ್ಕಿಂತ ಕಮ್ಮಿ ಮಾತ್ರ ನಾರಾಗಿ ಸಿಗೋದು. ಹಾಗಾಗಿ ಮರದ ಲೆಕ್ಕದಲ್ಲಿ ಹೆಚ್ಚೂ ಕಮ್ಮಿ ಅರ್ಧ ಕೆಜಿ. ಸಾವಿರ ಜನ ಇರೋ ಕಾಲೇಜಿನಲ್ಲಿ ರೆಕಾರ್ಡ್, ಅಸೈನ್‌ಮೆಂಟ್, ಪ್ರಾಜೆಕ್ಟ್ ರಿಪೋರ್ಟ್ ಎಲ್ಲ ಸೇರಿ ತಲೆಗೆ ವರ್ಷಕ್ಕೆ ಒಂದು ರೀಮ್ ಅಂತ ಇಟ್ಕೊಂಡ್ರೆ ಅರ್ಧ ಟನ್ ಮರ ಆಯ್ತು. ಇದು ಒಂದು ಕಾಲೇಜಿನ ಲೆಕ್ಕ ಮಾತ್ರ.

ಇನ್ನೊಂದು ಕಡೆಯ ಲೆಕ್ಕ

ಬ್ರೋಷರ್‌ಗಳು ಇಲ್ಲಿಗೆ ಮುಗೀತವೆ. ನಾವು ಎಂಜಿನಿಯರಿಂಗ್ ಓದ್ತಿರೋರು, ಇನ್ನೊಂದು ಪುಟ ತಿರುಗಿಸಬೇಕು.

ಮೊದಲು ಕರೆಂಟ್. ಕಾಗದದ ತೂಕದಲ್ಲಿ ಶೇ. 2ರಷ್ಟು ಎಂಎಫ್‌ಸಿ ಬೇಕು ಅಂತ ಇಟ್ಕೊಳ್ಳಿ. ಒಂದು ಟನ್ ಕಾಗದಕ್ಕೆ 20 ಕೆಜಿ. ಹಳೇ ವಿಧಾನದಲ್ಲಿ ಅದಕ್ಕೆ 500 ಯೂನಿಟ್. ಹೊಸ ವಿಧಾನದಲ್ಲಿ ಟನ್ನಿಗೆ 2,000 ಯೂನಿಟ್ ಅಂದ್ರೂ ಬರೀ 40 ಯೂನಿಟ್. ಒಂದು ಟನ್ ಕಾಗದದಲ್ಲಿ ಉಳಿದ 100 ಕೆಜಿ ನಾರಿಗೆ 40 ಯೂನಿಟ್ ಕೊಡಬಹುದು, 500 ಯೂನಿಟ್ ಕೊಟ್ರೆ ಅದು ಹುಚ್ಚು. ಅಂದ್ರೆ ‘ನ್ಯಾನೋಸೆಲ್ಯುಲೋಸ್ ಒಳ್ಳೇದಾ ಕೆಟ್ಟದ್ದಾ’ ಅನ್ನೋ ಪ್ರಶ್ನೆಗೆ ಅರ್ಥವೇ ಇಲ್ಲ. ಯಾವ ಗ್ರೈಂಡರ್, ಎಷ್ಟು ಯೂನಿಟ್ ಅಂತ ಕೇಳಬೇಕು. ಇನ್ನೂ ಒಂದು ಸೂಕ್ಷ್ಮ ಇದೆ. ಪಲ್ಪ್ ಕಾರ್ಖಾನೆಗಳು ಮರದಿಂದ ನಾರು ತೆಗೆದ ಮೇಲೆ ಉಳಿಯೋ ಕಪ್ಪು ದ್ರವವನ್ನ ಸುಟ್ಟು ತಮ್ಮದೇ ಹಬೆ, ವಿದ್ಯುತ್ ಮಾಡ್ಕೊಳ್ತವೆ. ಪಲ್ಪ್ ಕಮ್ಮಿಯಾದ್ರೆ ಆ ಉರುವಲೂ ಕಮ್ಮಿ. ಆ ಕೊರತೆಯನ್ನ ಕಲ್ಲಿದ್ದಲಿಂದ ತುಂಬಿಸಿದ್ರೆ ಮರ ಉಳಿಸಿದ ಪುಣ್ಯ ಚಿಮಣಿಯಲ್ಲಿ ಹೋಯ್ತು.

ಎರಡನೆಯದು ನೀರು. ಈ ಲೋಳೆ ನೀರನ್ನ ಗಟ್ಟಿಯಾಗಿ ಹಿಡ್ಕೊಳ್ಳತ್ತೆ. ಕಾಗದದ ಮೆಷಿನ್ ಅಂದ್ರೆ ಮೂಲತಃ ನೀರು ತೆಗೆಯೋ ಮೆಷಿನ್. ಜಾಲರಿಯಲ್ಲಿ ಸೋಸಿ, ರೋಲರ್‌ನಲ್ಲಿ ಹಿಂಡಿ, ಬಿಸಿ ಸಿಲಿಂಡರ್ ಮೇಲೆ ಒಣಗಿಸಬೇಕು. ಎಂಎಫ್‌ಸಿ ಸ್ವಲ್ಪ ಜಾಸ್ತಿಯಾದ್ರೂ ಸೋಸೋದು ನಿಧಾನ, ಮೆಷಿನ್ ನಿಧಾನ. ಫಿಲ್ಲರ್ ಹೆಚ್ಚಾದ್ರೆ ಹಾಳೆ ಬೇಗ ಒಣಗತ್ತೆ, ಅದು ಸ್ವಲ್ಪ ಸರಿದೂಗಿಸತ್ತೆ. ಎರಡರ ನಡುವೆ ತಕ್ಕಡಿ ಹಿಡಿಯೋದೇ ಅಲ್ಲಿನ ಎಂಜಿನಿಯರ್ ಕೆಲಸ.

ಮೂರನೆಯದು ಬಿಗಿ. ಸುಣ್ಣದ ಕಲ್ಲಿನ ಸಾಂದ್ರತೆ 2.7, ಸೆಲ್ಯುಲೋಸಿನದು ಸುಮಾರು 1.5. ಅದೇ ಜಿಎಸ್‌ಎಂನಲ್ಲಿ ಕಲ್ಲು ಹೆಚ್ಚಾದ್ರೆ ಹಾಳೆ ತೆಳುವಾಗತ್ತೆ. ಬಾಗುವ ಬಿಗಿ ದಪ್ಪದ ಘನಕ್ಕೆ ತಕ್ಕಂತೆ ಬದಲಾಗತ್ತೆ ಅಂತ ಬೀಮ್ ಥಿಯರಿಯಲ್ಲಿ ಓದಿದೀವಿ. ದಪ್ಪ ಶೇ. 10 ಇಳಿದರೆ ಬಿಗಿ ಸುಮಾರು ಶೇ. 27 ಇಳಿಯತ್ತೆ. ನೋಟ್‌ಬುಕ್ಕಿಗೆ ಪರವಾಗಿಲ್ಲ. ರಟ್ಟಿನ ಡಬ್ಬಕ್ಕೆ ಪರವಾಗಿದೆ.

ನಾಲ್ಕನೆಯದನ್ನ ಯಾರೂ ಹೇಳೋದೇ ಇಲ್ಲ, ರದ್ದಿ. ನಮ್ಮ ದೇಶದ ಕಾಗದದಲ್ಲಿ ದೊಡ್ಡ ಪಾಲು ಹಳೇ ಕಾಗದದಿಂದಲೇ ಆಗೋದು. ಸೆಮ್ ಮುಗಿದ ಮೇಲೆ ನಾವು ಕೆಜಿ ಲೆಕ್ಕದಲ್ಲಿ ಹಾಕೋ ನೋಟ್ಸು ಕೊನೆಗೆ ಯಾವುದೋ ಸಣ್ಣ ಕಾರ್ಖಾನೆಗೆ ಹೋಗತ್ತೆ. ಅವರು ಕೊಳ್ಳೋದು ತೂಕಕ್ಕೆ, ಅವರಿಗೆ ಬೇಕಾಗಿರೋದು ನಾರು. ಇಂಕು ತೆಗೆದು ತೊಳೆಯುವಾಗ ಫಿಲ್ಲರ್‌ನ ದೊಡ್ಡ ಭಾಗ ಕೆಸರಾಗಿ ಹೊರಗೆ ಬರತ್ತೆ. ಕೆಜಿಗೆ 150 ಗ್ರಾಂ ಬದಲು 250 ಗ್ರಾಂ ಕಲ್ಲು ಇದ್ರೆ, ಅದೇ ದುಡ್ಡಿಗೆ ಅವರಿಗೆ ಸಿಗೋ ನಾರು ಕಮ್ಮಿ, ಎಸೆಯಬೇಕಾದ ಕೆಸರು ಜಾಸ್ತಿ. ದೊಡ್ಡ ಕಾರ್ಖಾನೆ ಉಳಿಸಿದ ದುಡ್ಡನ್ನ ಸಣ್ಣ ಕಾರ್ಖಾನೆ ಕೊಟ್ಟ ಹಾಗಾಯ್ತು.

ನಾರು ಯಾವತ್ತೂ ಪುಕ್ಕಟೆ ಇರಲಿಲ್ಲ

ಇಷ್ಟೆಲ್ಲ ತೊಂದರೆ ಇದ್ರೆ ಬಿಟ್ಟುಬಿಡಿ, ಹೇಗೂ ಎಲ್ಲ ಆನ್‌ಲೈನ್ ಆಗ್ತಿದೆ ಅಂತ ಕೆಲವರು ಅನ್ನಬಹುದು. ನಾನು ಒಪ್ಪಲ್ಲ. ಮೇಲಿನ ನಾಲ್ಕು ತೊಂದರೆಗೂ ಉತ್ತರ ಹುಡುಕೋದು ಅಗತ್ಯ ಅನ್ನೋದಕ್ಕೆ ನಮ್ಮ ರಾಜ್ಯದಲ್ಲೇ ಕಾರಣ ಇದೆ.

ದಾಂಡೇಲಿಯ ಕಾಗದ ಕಾರ್ಖಾನೆ 1950ರ ದಶಕದ ಕೊನೆಯಲ್ಲಿ ಶುರುವಾದಾಗ ಉತ್ತರ ಕನ್ನಡದ ಕಾಡಿನ ಬಿದಿರೇ ಅದರ ಕಚ್ಚಾವಸ್ತು. ಕಾರ್ಖಾನೆಗೆ ಬಿದಿರು ತೀರಾ ಅಗ್ಗಕ್ಕೆ ಸಿಗ್ತಿತ್ತು, ಅದೇ ಬಿದಿರಿಂದ ಬುಟ್ಟಿ ಹೆಣೆಯೋರು ಎಷ್ಟೋ ಪಟ್ಟು ಹೆಚ್ಚು ಕೊಡಬೇಕಿತ್ತು ಅನ್ನೋದನ್ನ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳ್ ದಾಖಲಿಸಿದ್ದಾರೆ. ಬಿದಿರು ಕಮ್ಮಿಯಾಯ್ತು. ನೀಲಗಿರಿ ಬಂತು, ಅಕೇಶಿಯಾ ಬಂತು. ಬಯಲುಸೀಮೆಯ ಅಂತರ್ಜಲದ ಬಗ್ಗೆ ವರ್ಷಗಟ್ಟಲೆ ದೂರು ಬಂದ ಮೇಲೆ 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ನೆಡೋದನ್ನ ನಿಷೇಧಿಸಿತು. ಭದ್ರಾವತಿಯ ಎಂಪಿಎಂ ಕಾರ್ಖಾನೆಯ ಮೆಷಿನ್‌ಗಳು ನಿಂತು ವರ್ಷಗಳಾದರೂ ಅದರ ಹೆಸರಿನ ನೆಡುತೋಪುಗಳ ಬಗ್ಗೆ ಮಲೆನಾಡಿನಲ್ಲಿ ಹೋರಾಟ ನಡೀತು.

ಅಂದ್ರೆ ನಮ್ಮ ಹಾಳೆಯ ಪ್ರತಿ ಗ್ರಾಂ ನಾರಿನ ಹಿಂದೆ ಯಾರದೋ ಬಿದಿರು, ಯಾವುದೋ ಊರಿನ ಬೋರ್‌ವೆಲ್, ಯಾರದೋ ಗೋಮಾಳ ಇದೆ. ಕಲ್ಲಿಗೂ ಗಣಿ ಬೇಕು, ಅದೂ ಪುಕ್ಕಟೆ ಅಲ್ಲ. ಆದರೆ ನಾರು ಕಮ್ಮಿ ಹಾಕಿ ಅದೇ ಗಟ್ಟಿ ಹಾಳೆ ಕೊಡೋ ವಿದ್ಯೆ ಇದ್ದಾಗ ಅದನ್ನ ‘ಪೇಪರ್ ಇಂಡಸ್ಟ್ರಿ ಹಳೇದು’ ಅಂತ ಪಕ್ಕಕ್ಕಿಡೋದು ನಮಗೆ ಶೋಭೆ ಅಲ್ಲ.

ನಾವು ಮಾಡಬಹುದಾದ್ದು

ನನ್ನ ಬೇಡಿಕೆ ಎರಡೇ. ಮೊದಲನೆಯದು ಕಾಗದ ಮಾಡೋರಿಗೆ, ಕೊಳ್ಳೋರಿಗೆ. ರೀಮಿನ ಕವರ್ ಮೇಲೆ ಜಿಎಸ್‌ಎಂ ದೊಡ್ಡದಾಗಿ ಬರೀತಾರೆ. ಜಿಎಸ್‌ಎಂ ಅಂದ್ರೆ ತೂಕ ಅಷ್ಟೇ, ಒಳಗೆ ನಾರೆಷ್ಟು ಕಲ್ಲೆಷ್ಟು ಅಂತ ಅದು ಹೇಳಲ್ಲ. ಅದರ ಪಕ್ಕ ಬೂದಿ ಶೇಕಡಾ ಎಷ್ಟು ಅಂತಾನೂ ಬರೆಯಲಿ. ಬಿಸ್ಕೆಟ್ ಪ್ಯಾಕೆಟ್ಟಿಗೆ ಸಕ್ಕರೆ ಎಷ್ಟು ಅಂತ ಬರೆಯೋಕೆ ಆಗತ್ತೆ ಅಂದ್ರೆ ಇದಕ್ಕೂ ಆಗತ್ತೆ. ಆಗ ರದ್ದಿ ಕೊಳ್ಳೋನಿಗೂ ತಾನು ಏನು ಕೊಳ್ತಿದೀನಿ ಅಂತ ಗೊತ್ತಾಗತ್ತೆ, ಬೆಲೆ ಅದಕ್ಕೆ ತಕ್ಕ ಹಾಗೆ ಮಾತಾಡಬಹುದು.

ಎರಡನೆಯದು ನಮಗೆ. ಈ ಬೂದಿ ಅಳೆಯೋದು ರಾಕೆಟ್ ಸೈನ್ಸ್ ಅಲ್ಲ. ಲ್ಯಾಬಿನಲ್ಲಿ ಮಫಲ್ ಫರ್ನೆಸ್ ಇದ್ರೆ ಸಾಕು. ತೂಕ ಮಾಡಿದ ಹಾಳೆಯನ್ನ ಕ್ರೂಸಿಬಲ್‌ನಲ್ಲಿಟ್ಟು 525 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಟ್ಟರೆ ನಾರು ಹೋಗಿ ಖನಿಜ ಉಳಿಯತ್ತೆ. ಅದನ್ನೇ 900 ಡಿಗ್ರಿಗೆ ಏರಿಸಿದ್ರೆ ಕ್ಯಾಲ್ಸಿಯಂ ಕಾರ್ಬೊನೇಟ್ ತನ್ನ ತೂಕದ ಶೇ. 44 ಕಾರ್ಬನ್ ಡೈಆಕ್ಸೈಡ್ ಆಗಿ ಬಿಟ್ಟು ಸುಟ್ಟ ಸುಣ್ಣ ಆಗತ್ತೆ. ಎರಡು ತೂಕದ ವ್ಯತ್ಯಾಸದಿಂದ ಅದರಲ್ಲಿ ಕಾರ್ಬೊನೇಟ್ ಎಷ್ಟು ಅಂತ ಅಂದಾಜು ಮಾಡಬಹುದು. ಹತ್ತು ಬ್ರ್ಯಾಂಡಿನ ಹಾಳೆ ತಂದು ಒಂದು ಟೇಬಲ್ ಮಾಡಿದ್ರೆ ಅದೇ ಒಂದು ಒಳ್ಳೇ ಮಿನಿ ಪ್ರಾಜೆಕ್ಟ್. ಮೆಕ್ಯಾನಿಕಲ್‌ನವರಿಗೆ ಗ್ರೈಂಡರಿನ ಎನರ್ಜಿ, ಸಿವಿಲ್‌ನವರಿಗೆ ಆ ಕೆಸರನ್ನ ಇಟ್ಟಿಗೆಗೆ ಹಾಕಬಹುದಾ ಅನ್ನೋ ಪ್ರಶ್ನೆ, ಕೆಮಿಕಲ್‌ನವರಿಗೆ ತಂತುವಿನ ಚಾರ್ಜ್ ಹೀಗೆ ಎಲ್ಲರಿಗೂ ಕೆಲಸ ಇದೆ. ನಮ್ಮಲ್ಲಿ ಬಗಾಸ್ ಇದೆ, ಬಾಳೆ ದಿಂಡಿದೆ, ಅಡಿಕೆ ಸಿಪ್ಪೆ ಇದೆ. ಇವೆಲ್ಲದರಲ್ಲೂ ಸೆಲ್ಯುಲೋಸ್ ಇದೆ. ಆ 2 ಪರ್ಸೆಂಟ್ ಲೋಳೆ ಮರದಿಂದಲೇ ಬರಬೇಕು ಅಂತ ಯಾರೂ ಬರೆದಿಟ್ಟಿಲ್ಲ.

ಒಂದು ಮಾತು ಭಾಷೆಯ ಬಗ್ಗೆಯೂ ಹೇಳಿಬಿಡ್ತೀನಿ. ನಾನು ಓದಿದ್ದು ಇಂಗ್ಲಿಷ್ ಮೀಡಿಯಂನಲ್ಲಿ. ಫಿಲ್ಲರ್, ಫೈಬ್ರಿಲ್ ಇವಕ್ಕೆ ಪಠ್ಯಪುಸ್ತಕದ ಕನ್ನಡ ಪದ ಹುಡುಕೋಕೆ ಹೋಗಲಿಲ್ಲ. ಆದರೆ ಹೂರಣ, ಕಣಕ, ಬಳಪ, ಗಂಜಿ ಅನ್ನೋ ಪದಗಳು ಸಿಕ್ಕ ಮೇಲೆ ಈ ವಿಷಯ ನನಗೇ ಇನ್ನೂ ಚೆನ್ನಾಗಿ ತಿಳೀತು. ನಮ್ಮ ಮನೆಗಳಲ್ಲಿ ಮೆಟೀರಿಯಲ್ ಸೈನ್ಸ್ ಮೊದಲಿಂದಲೂ ಇತ್ತು, ಹೆಸರು ಬೇರೆ ಇತ್ತು ಅಷ್ಟೇ.

ಹಾಗಾಗಿ ಮುಂದಿನ ಸೆಮಿನಾರ್‌ಗೆ ಟಾಪಿಕ್ ಹುಡುಕ್ತಿದ್ರೆ ಗ್ರಾಫೀನ್ ಒಂದು ವರ್ಷ ಕಾಯಲಿ. ಸ್ಲೈಡ್ ಪ್ರಿಂಟ್ ಮಾಡೋ ಆ ಹಾಳೆಯ ಬಗ್ಗೆಯೇ ಮಾತಾಡಿ. ಎಷ್ಟು ನಾರು, ಎಷ್ಟು ಕಲ್ಲು, ಎಷ್ಟು ಯೂನಿಟ್, ಕೆಸರು ಎಲ್ಲಿಗೆ ಹೋಗತ್ತೆ ಅನ್ನೋ ನಾಲ್ಕು ಪ್ರಶ್ನೆ ಇಟ್ಕೊಂಡು ಶುರು ಮಾಡಿ. ನಾಲ್ಕಕ್ಕೂ ನಂಬರ್ ಕೊಟ್ಟರೆ ಮಾತ್ರ ಯಾವ ನ್ಯಾನೋವನ್ನಾದ್ರೂ ಒಪ್ಕೊಳ್ಳಿ.